ನೆಲ್ಲಿಮರ, ಉಪ್ಪಿಲು ಮತ್ತು ಹಚ್ಚದೆ ಬಿಟ್ಟ ಬೆಂಕಿ: ಒಂದು ಸೋಲಿಗರ ಪೋಡಿನ ಪ್ರಕರಣ ಅಧ್ಯಯನ

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನ ಒಂದು ಪೋಡಿನ (ಹಾಡಿಯ) ಸುತ್ತ ನೆಲ್ಲಿಮರಗಳು ಒಣಗತೊಡಗಿದಾಗ ಯಾರು ಏನು ಹೇಳಿದರು, ಏನು ಮಾಡಿದರು, ಏನನ್ನು ಬೇಕೆಂದೇ ಮಾಡದೆ ಬಿಟ್ಟರು ಎಂಬುದರ ದಾಖಲೆ ಇದು. ಪೋಡಿನ ಹೆಸರಾಗಲಿ, ಜನರ ಹೆಸರಾಗಲಿ, ಕುಲವಾಗಲಿ, ಆ ಭಾಗದ ಹಳ್ಳ ಗುಡ್ಡಗಳ ಹೆಸರಾಗಲಿ ಇಲ್ಲಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾನೂನು, ಇಸವಿ, ಗಿಡಮರಗಳ ಸಂಗತಿ ಮಾತ್ರ ಇದ್ದದ್ದು ಇದ್ದ ಹಾಗೆ. ಬುಡಕಟ್ಟು ಜನರ ಜೊತೆ ಸಸ್ಯಜ್ಞಾನದ ಕೆಲಸಕ್ಕೆ ಇಳಿದವರಿಗೆ, ಅರಣ್ಯ ಹಕ್ಕು ಪಡೆದ ಗ್ರಾಮಸಭೆಗಳಿಗೆ, ಜೀವವೈವಿಧ್ಯ ದಾಖಲಾತಿ ಬರೆಯಲು ಹೊರಟವರಿಗೆ ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ಹಿನ್ನೆಲೆ

ಚಾಮರಾಜನಗರ ಜಿಲ್ಲೆಯ ಈ ಬೆಟ್ಟಸಾಲು ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳ ನಡುವೆ ಸೇತುವೆಯಾಗಿ ನಿಂತಿದೆ. ತಪ್ಪಲಲ್ಲಿ ಕುರುಚಲು, ಮೇಲೇರಿದಂತೆ ಎಲೆ ಉದುರುವ ಕಾಡು, ಇನ್ನೂ ಮೇಲೆ ಹುಲ್ಲುಗುಡ್ಡ, ಅದರ ಕಣಿವೆಗಳಲ್ಲಿ ಶೋಲಾ ಎಂಬ ಸದಾ ಹಸಿರು ಕಾಡು. ಕೆಲವೇ ಮೈಲಿ ನಡೆದರೆ ಇಷ್ಟು ಬಗೆಯ ಕಾಡು ಕಾಣಸಿಗುವ ಜಾಗ ರಾಜ್ಯದಲ್ಲಿ ಹೆಚ್ಚಿಲ್ಲ. ಸೋಲಿಗರು ಇಲ್ಲಿ ಎಷ್ಟು ತಲೆಮಾರಿನಿಂದ ಇದ್ದಾರೆ ಎಂದು ಲೆಕ್ಕ ಇಟ್ಟವರಿಲ್ಲ. ಆದರೆ ಅವರ ಲೆಕ್ಕ ಕಾಡಿನಲ್ಲೇ ಇದೆ. ಪ್ರತಿ ಕುಲಕ್ಕೂ ಒಂದೊಂದು ಎಲ್ಲೆ, ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ದೇವರ ಜಾಗಗಳು. ಭಾರ್ಗವಿ ಹೊಳೆಯ ದಂಡೆಯ ದೊಡ್ಡಸಂಪಿಗೆ ಮರ ಬೆಟ್ಟದ ಸೋಲಿಗರೆಲ್ಲರಿಗೂ ದೇವರು. ರಾಗಿ ಬಂದಾಗ ರೊಟ್ಟಿ ಹಬ್ಬ. ಹಬ್ಬದ ರಾತ್ರಿಯ ಹಾಡಿನಲ್ಲಿ ಹಕ್ಕಿ, ಹೂವು, ಪ್ರಾಣಿಗಳ ಹೆಸರು ಒಂದರ ಹಿಂದೊಂದು ಬರುತ್ತವೆ. ಅಕ್ಷರ ಕಲಿಯದ ಮಗುವೂ ಕುಣಿತದ ಸಾಲಿನಲ್ಲಿ ನಿಂತು ಕಾಡಿನ ಹೆಸರು ಕಲಿಯುತ್ತದೆ.

1974ರಲ್ಲಿ ಇದು ವನ್ಯಧಾಮವಾಯಿತು, 1987ರಲ್ಲಿ ಅದರ ವಿಸ್ತೀರ್ಣ ಸುಮಾರು 540 ಚದರ ಕಿಲೋಮೀಟರಿಗೆ ಏರಿತು. ಜಾಗ ಬದಲಿಸುತ್ತ ರಾಗಿ ಬೆಳೆಯುವ ಬೇಸಾಯ ನಿಂತಿತು. ಚದುರಿದ್ದ ಪೋಡುಗಳ ಜನರನ್ನು ಕಾಲೊನಿಗಳಲ್ಲಿ ನೆಲೆಗೊಳಿಸಲಾಯಿತು. ಬೇಟೆ ನಿಂತಿತು, ಬೆಂಕಿ ಹಾಕುವುದೂ ನಿಂತಿತು. ಉಳಿದದ್ದು ಕಾಡಿನ ಕಿರು ಉತ್ಪನ್ನ: ಜೇನು, ಪಾಚಿ, ಅಂಟುವಾಳ, ಸೀಗೆ, ಅಳಲೆ, ಎಲ್ಲಕ್ಕಿಂತ ಹೆಚ್ಚಾಗಿ ನೆಲ್ಲಿಕಾಯಿ. ಲ್ಯಾಂಪ್ಸ್ ಎಂಬ ಬುಡಕಟ್ಟು ಜನರ ಸಹಕಾರ ಸಂಘ ಅದನ್ನು ಕೊಳ್ಳುತ್ತಿತ್ತು. ಚಳಿಗಾಲದಲ್ಲಿ ಒಂದು ಮನೆಗೆ ಬರುತ್ತಿದ್ದ ನಗದಿನ ದೊಡ್ಡ ಪಾಲು ನೆಲ್ಲಿಯದೇ. ನಾಡಿನಲ್ಲಿ ತುಳಸಿ ಹಬ್ಬಕ್ಕೆ ಕಾಯಿ ಸಮೇತ ನೆಲ್ಲಿ ಕೊಂಬೆ ಬೇಕು, ಉಪ್ಪಿನಕಾಯಿಗೆ ಬೇಕು, ಚ್ಯವನಪ್ರಾಶಕ್ಕೆ ಬೇಕು. ಆ ಕಾಯಿ ಕೊಯ್ದವರ ಕೈ ಯಾರದೆಂದು ಕೇಳುವ ರೂಢಿ ನಮ್ಮಲ್ಲಿಲ್ಲ.

ಬೆಟ್ಟದಲ್ಲಿರುವುದು ಎರಡು ಜಾತಿಯ ನೆಲ್ಲಿ. ಎಲ್ಲರಿಗೂ ಗೊತ್ತಿರುವ ಕಾಡುನೆಲ್ಲಿ ಒಂದು, ದಕ್ಷಿಣ ಭಾರತದ ಒಣಗಾಡಿನಲ್ಲಷ್ಟೇ ಬೆಳೆಯುವ, ಕಾಯಿ ದಪ್ಪಗಿರುವ ಇನ್ನೊಂದು. ಮಾರುಕಟ್ಟೆಯಲ್ಲಿ ಎರಡೂ ಒಂದೇ ಮೂಟೆಗೆ ಹೋಗುತ್ತವೆ. ಸೋಲಿಗರು ಮಾತ್ರ ಬೇರೆ ಬೇರೆ ಹೆಸರಿನಿಂದ ಕರೆದು, ಬೇರೆ ಬೇರೆ ಹೊತ್ತಿಗೆ ಕೊಯ್ಯುತ್ತಾರೆ.

2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಯಿತು. ಅದರ ಬೆನ್ನಿಗೇ ಸಂರಕ್ಷಿತ ಕಾಡುಗಳಲ್ಲಿ ಮಾರಾಟಕ್ಕಾಗಿ ಕಿರು ಉತ್ಪನ್ನ ಸಂಗ್ರಹಿಸುವುದಕ್ಕೆ ತಡೆ ಬಿತ್ತು. 2006ರ ಹೊತ್ತಿಗೆ ಬಿಳಿಗಿರಿಯಲ್ಲಿ ನೆಲ್ಲಿ ಕೊಯ್ಲು ಪೂರ್ತಿ ನಿಂತಿತ್ತು. ಅದೇ ವರ್ಷ ಸಂಸತ್ತಿನಲ್ಲಿ ಅರಣ್ಯ ಹಕ್ಕು ಕಾಯ್ದೆಯೂ ಪಾಸಾಯಿತು. ಒಂದು ಕಾನೂನು ಕಾಡಿನ ಬಾಗಿಲು ಹಾಕಿದ ಹೊತ್ತಿಗೇ ಇನ್ನೊಂದು ಅದನ್ನು ತೆರೆಯಲು ಹೊರಟಿತ್ತು. ಎರಡನೆಯದು ಬೆಟ್ಟ ತಲುಪುವಷ್ಟರಲ್ಲಿ ಐದು ವರ್ಷ ಹಿಡಿಯಿತು.

ಸಮಸ್ಯೆ

ಕೊಯ್ಲು ನಿಂತರೆ ನೆಲ್ಲಿ ಹೆಚ್ಚಬೇಕಿತ್ತು. ನಿಷೇಧದ ಹಿಂದಿನ ನಂಬಿಕೆಯೇ ಅದು: ಜನ ಕಾಯಿ ಕೀಳುತ್ತಾರೆ, ಕೊಂಬೆ ಕಡಿಯುತ್ತಾರೆ, ಬೀಜ ಉಳಿಯುವುದಿಲ್ಲ, ಅದಕ್ಕೇ ಸಸಿ ಹುಟ್ಟುತ್ತಿಲ್ಲ. ಆದರೆ ಪೋಡಿನ ಸುತ್ತಲಿನ ಇಳಿಜಾರಿನಲ್ಲಿ ಆದದ್ದು ಬೇರೆ. ಯಾರೂ ಮುಟ್ಟದ ಮರಗಳ ತುದಿ ಒಣಗತೊಡಗಿತು. ಎಲೆ ಉದುರಿದ ತಿಂಗಳಲ್ಲಿ ನೋಡಿದರೆ ಬೋಳು ಕೊಂಬೆಗಳ ನಡುವೆ ಅಲ್ಲಲ್ಲಿ ದಟ್ಟ ಹಸಿರು ಪೊದೆ. ಅದು ನೆಲ್ಲಿಯ ಎಲೆಯಲ್ಲ. ಸೋಲಿಗರು ಅದಕ್ಕೆ ಉಪ್ಪಿಲು ಎನ್ನುತ್ತಾರೆ, ಬಯಲುಸೀಮೆಯವರು ಬಂದಳಿಕೆ ಅಥವಾ ಬದನಿಕೆ ಎನ್ನುವ ಗಿಡದ ಜಾತಿಯದು.

ಉಪ್ಪಿಲು ಅರೆ ಪರಾವಲಂಬಿ. ಹಸಿರೆಲೆ ಇರುವುದರಿಂದ ಬಿಸಿಲಿನಲ್ಲಿ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ. ನೀರು, ಲವಣ ಮಾತ್ರ ಆಸರೆ ಕೊಟ್ಟ ಮರದ್ದು. ಅದರ ಹಣ್ಣು ತಿನ್ನುವ ಪುಟಾಣಿ ಬದನಿಕೆ ಹಕ್ಕಿ, ಬೀಜಕ್ಕೆ ಅಂಟಿದ ಲೋಳೆಯನ್ನು ಬಿಡಿಸಿಕೊಳ್ಳಲು ಕೊಂಬೆಗೆ ಹಿಂಬದಿ ಒರೆಸುತ್ತದೆ. ಬೀಜ ಅಲ್ಲೇ ಕೂತು ಮೊಳೆತು ತೊಗಟೆಯೊಳಗೆ ಬೇರು ಇಳಿಸುತ್ತದೆ. ಒಂದೆರಡು ಪೊದೆಯನ್ನು ಮರ ತಾಳಿಕೊಳ್ಳುತ್ತದೆ. ಹತ್ತಾರು ಆದಾಗ ಆ ಕೊಂಬೆಯ ತುದಿ ಬರಿದಾಗುತ್ತದೆ, ಕಾಯಿ ಸಣ್ಣಗಾಗುತ್ತದೆ, ಕೊನೆಗೆ ಮರವೇ ಹೋಗುತ್ತದೆ.

ನೆಲದಲ್ಲಿ ಇನ್ನೊಂದು ತೊಂದರೆ, ಲಂಟಾನ. ಹೂವಿನ ಅಂದಕ್ಕಾಗಿ 19ನೇ ಶತಮಾನದ ಆರಂಭದಲ್ಲಿ ಭಾರತಕ್ಕೆ ತಂದ ಈ ಅಮೆರಿಕದ ಗಿಡ ಬಿಳಿಗಿರಿಯಲ್ಲಿ ಆಳೆತ್ತರ ಮೀರಿ ಬೆಳೆದಿದೆ. ಕಾಡನ್ನು ತುಣುಕು ತುಣುಕಾಗಿ ಪರಿಶೀಲಿಸಿದ ಸಂಶೋಧಕರಿಗೆ 1997ರಲ್ಲಿ ಐದರಲ್ಲಿ ಎರಡರಷ್ಟು ತುಣುಕುಗಳಲ್ಲಿ ಲಂಟಾನ ಸಿಕ್ಕಿತ್ತು. 2008ರಲ್ಲಿ ಅದೇ ಕಾಡಿನಲ್ಲಿ ಐದರಲ್ಲಿ ನಾಲ್ಕರಷ್ಟು ತುಣುಕುಗಳಲ್ಲಿತ್ತು. ಅದರ ಅಡಿಯಲ್ಲಿ ನೆಲ್ಲಿ ಸಸಿ ಏಳುವುದಿಲ್ಲ, ಹುಲ್ಲೂ ಏಳುವುದಿಲ್ಲ. ಹುಲ್ಲಿಲ್ಲದ ಕಡೆ ಜಿಂಕೆ ಬರುವುದಿಲ್ಲ. ನೆಲ್ಲಿಕಾಯಿ ತಿಂದು, ಮೆಲುಕು ಹಾಕುವಾಗ ಬೀಜ ಉಗುಳಿ ಕಾಡಿಗೆಲ್ಲ ಹಂಚುವುದು ಜಿಂಕೆಯೇ.

ಹೀಗಿರುವಾಗ ಪೋಡಿನ ಮುಂದೆ ಮೂರು ವಿವರಣೆಗಳಿದ್ದವು. ಹಿಂದಿನ ಅತಿಕೊಯ್ಲಿನ ಫಲ ಈಗ ಕಾಣುತ್ತಿದೆ ಎಂದರು ಅಧಿಕಾರಿಗಳು. ಬಂದುಹೋದ ವಿದ್ಯಾರ್ಥಿಗಳು ಮಳೆ ವ್ಯತ್ಯಾಸ, ಹವಾಮಾನ ಎಂದು ಬರೆದುಕೊಂಡರು. ಪೋಡಿನ ಹಿರಿಯರು ಹೇಳಿದ್ದು ಒಂದೇ ಮಾತು: ತರಗು ಬೆಂಕಿ (ನೆಲದ ಒಣಗಿದ ಎಲೆ, ಹುಲ್ಲಿಗೆ ಹಾಕುತ್ತಿದ್ದ ಸಣ್ಣ ಬೆಂಕಿ) ನಿಂತ ಮೇಲೆ ಉಪ್ಪಿಲೂ ಬಂತು, ಲಂಟಾನವೂ ಬಂತು. ಆ ಮಾತನ್ನು ಬರೆದುಕೊಂಡವರು ಕಡಿಮೆ. ಕಾಡಿಗೆ ಬೆಂಕಿ ಹಚ್ಚುವುದು ಅಪರಾಧವಾಗಿರುವ ಕಾಲದಲ್ಲಿ ಅದನ್ನು ಗಟ್ಟಿಯಾಗಿ ಹೇಳುವವರೂ ಕಡಿಮೆಯೇ.

ಮೊದಲ ಹೆಜ್ಜೆ: ಕೂತು ಕೇಳುವುದರಿಂದ ನಡೆದು ನೋಡುವುದಕ್ಕೆ

ನಾನು ಈ ಪೋಡಿಗೆ ಹೋದದ್ದು ದಾಖಲಾತಿಯ ಕೆಲಸಕ್ಕೆ. ಕೈಯಲ್ಲಿ ಸಿದ್ಧ ನಮೂನೆ ಇತ್ತು: ಗಿಡದ ಹೆಸರು, ಉಪಯೋಗದ ಭಾಗ, ಉಪಯೋಗ, ಲಭ್ಯತೆ. ಅಂಗನವಾಡಿ ಜಗಲಿಯಲ್ಲಿ ಕೂತು ಕೇಳಿದರೆ ಉತ್ತರ ಬರುತ್ತಿತ್ತು, ಆದರೆ ತೆಳುವಾಗಿ. ನೆಲ್ಲಿ ಎಂದರೆ "ಕಾಯಿ, ಉಪ್ಪಿನಕಾಯಿಗೆ". ಇಂಥ ಉತ್ತರಗಳಿಂದ ತುಂಬಿದ ದಾಖಲಾತಿಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ.

ದಿಕ್ಕು ಬದಲಾದದ್ದು ಒಬ್ಬ ಹೆಂಗಸಿನ ಮಾತಿನಿಂದ. ಐವತ್ತು ದಾಟಿದವರು, ಕೊಯ್ಲಿನ ಕಾಲದಲ್ಲಿ ಮರದ ಕೆಳಗೆ ಕಾಯಿ ಆಯುತ್ತಿದ್ದವರು. "ಇಲ್ಲಿ ಕುಂತ್ಕಂಡ್ ಏನ್ ಹೇಳಾದು, ಮರ ಅಲ್ಲದೆ. ಅಲ್ಲಿಗೆ ನಡೀರಿ" ಎಂದರು. ಯಜಮಾನರು ಒಪ್ಪಿದರು. ಕೋಲುಕಾರರು ಮನೆಮನೆಗೆ ಹೇಳಿಬಂದರು. ಅಲ್ಲಿಂದಾಚೆ ನಮೂನೆ ಚೀಲದಲ್ಲೇ ಉಳಿಯಿತು.

ಮರದ ಬುಡದಲ್ಲಿ ನಿಂತ ಮೇಲೆ ಮಾತಿಗೆ ಬರವಿಲ್ಲ. ಯಾವ ಕೊಂಬೆಯ ಉಪ್ಪಿಲು ಈ ವರ್ಷದ್ದು, ಯಾವುದು ಹಳೆಯದು ಎಂದು ಅವರು ದೂರದಿಂದಲೇ ಹೇಳುತ್ತಿದ್ದರು. ಎಲೆಯನ್ನು ಮಾತ್ರ ಕಿತ್ತರೆ ಅದು ಮತ್ತೆ ಚಿಗುರುತ್ತದೆ, ಬೇರು ತೊಗಟೆಯೊಳಗೆ ಇಳಿದಷ್ಟು ದೂರಕ್ಕಿಂತ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು ಎಂದು ತೋರಿಸಿದರು. ಕಾಂಡಕ್ಕೇ ಕೂತಿದ್ದರೆ ಏನೂ ಮಾಡಲಾಗದು ಎಂದೂ ಹೇಳಿದರು. ಒಬ್ಬ ತಾತ ಒಂದು ತುಂಡು ಕತ್ತರಿಸಿ, ಉಪ್ಪಿಲು ಕೂತ ಗಂಟನ್ನು ಮಚ್ಚಿನಿಂದ ಉದ್ದಕ್ಕೆ ಸೀಳಿ ನನ್ನ ಅಂಗೈ ಮೇಲಿಟ್ಟರು. ನೆಲ್ಲಿಯ ಕೆಂಬಣ್ಣದ ಮರದೊಳಗೆ ಉಪ್ಪಿಲಿನ ಬಿಳಿಚು ಎಳೆಗಳು ಬೆರಳುದ್ದ ಕೆಳಗಿಳಿದಿದ್ದವು. ಹೊರಗೆ ಕಾಣುವ ಪೊದೆಗೂ ಒಳಗೆ ಹರಡಿದ ಬೇರಿಗೂ ಎಷ್ಟು ಅಂತರ ಎಂಬುದು ಕಣ್ಣಿಗೇ ಕಾಣುತ್ತಿತ್ತು.

ಅಲ್ಲೇ ಗೊತ್ತಾದ ಇನ್ನೊಂದು ಸಂಗತಿ ಈ ಪ್ರಕರಣದ ತಿರುಳು. ಉಪ್ಪಿಲು ಕಡಿಯುವುದು ಹಿಂದೆ ಬೇರೆ ಕೆಲಸವಾಗಿ ಇರಲೇ ಇಲ್ಲ. ನೆಲ್ಲಿ ಕೊಯ್ಯಲು ಮರ ಹತ್ತಿದವನು ಕಾಯಿ ಉದುರಿಸುತ್ತ, ಕೈಗೆ ಸಿಕ್ಕ ಉಪ್ಪಿಲಿನ ಕೊಂಬೆಯನ್ನೂ ಕತ್ತರಿಸಿ ಇಳಿಯುತ್ತಿದ್ದ. ದೂರದಿಂದ ನೋಡುವವರಿಗೆ ಅದು ಕೊಂಬೆ ಕಡಿದು ಮರ ಹಾಳು ಮಾಡುವ ಕೆಲಸ. ಕೆಲವರು ಹಾಗೆ ಕಡಿದದ್ದೂ ಉಂಟು, ಪೋಡಿನವರು ಅದನ್ನು ಮುಚ್ಚಿಡಲಿಲ್ಲ. ನಾಳೆ ಇನ್ನೊಬ್ಬ ಬಂದು ಕೊಯ್ದಾನು ಎಂಬ ಆತುರದಲ್ಲಿ ಕೊಂಬೆ ಮುರಿದ ವರ್ಷಗಳಿದ್ದವು. ಆದರೆ ನಿಷೇಧ ಎರಡನ್ನೂ ಒಂದೇ ಎಂದು ಎಣಿಸಿತು. ಕೊಯ್ಲಿನ ಜೊತೆಗೆ ಮರದ ಆರೈಕೆಯೂ ನಿಂತಿತು.

ಬಿಳಿಗಿರಿಯ ನೆಲ್ಲಿಮರಗಳನ್ನು ಹತ್ತು ವರ್ಷ ಹಿಂಬಾಲಿಸಿದ ವೈಜ್ಞಾನಿಕ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಮರಗಳ ಸಂಖ್ಯೆ ಕುಸಿಯುವುದರಲ್ಲಿ ಕಾಯಿ ಕೊಯ್ಲಿನ ಪಾಲು ಹೆಚ್ಚಿಲ್ಲ, ಬಂದಳಿಕೆ ಮತ್ತು ಲಂಟಾನದ ಪಾಲೇ ದೊಡ್ಡದು ಎಂದು ಅದು ತೋರಿಸಿತು. ಪೋಡಿನ ಹಿರಿಯರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಆದರೂ ಕಚೇರಿಯ ಮೇಜಿನ ಮೇಲೆ ಅವರ ಮಾತಿಗೆ ತೂಕ ಬಂದದ್ದು ಆ ಕಾಗದದಿಂದ. ಇದು ನ್ಯಾಯವಲ್ಲ, ಆದರೆ ಆದದ್ದು ಹೀಗೇ.

ತಿರುವು: ಬೆಂಕಿ ಬೇಡ ಎಂದವರು ಯಾರು

2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲು. ಕಿರು ಉತ್ಪನ್ನ ಸಂಗ್ರಹಿಸಿ ಮಾರುವ ಹಕ್ಕಿನ ಜೊತೆಗೆ, ಕಾಡನ್ನು ಕಾಯುವ, ಪುನಶ್ಚೇತನಗೊಳಿಸುವ ಹಕ್ಕೂ ಅರಣ್ಯ ಹಕ್ಕು ಕಾಯ್ದೆಯಲ್ಲಿದೆ. 2012ರ ನಿಯಮ ತಿದ್ದುಪಡಿಯ ನಂತರ ಸಾಗಣೆ ಪರವಾನಗಿಯನ್ನೂ ಗ್ರಾಮಸಭೆಯ ಸಮಿತಿಯೇ ಕೊಡಬಹುದು.

ನಾನು ಹೇಳುತ್ತಿರುವ ಪೋಡಿನಲ್ಲೂ ಹಕ್ಕುಪತ್ರದ ನಂತರ ಸಭೆ ಸೇರಿತು. ಯುವಕರು ಹುರುಪಿನಲ್ಲಿದ್ದರು. ಹಕ್ಕು ಬಂದಿದೆ, ಹಿರಿಯರು ಇಷ್ಟು ವರ್ಷ ಹೇಳುತ್ತಿದ್ದ ತರಗು ಬೆಂಕಿಯನ್ನು ನಮ್ಮ ಎಲ್ಲೆಯಲ್ಲಿ ಮತ್ತೆ ಹಾಕೋಣ, ಉಪ್ಪಿಲೂ ಹೋಗುತ್ತದೆ ಲಂಟಾನವೂ ಹೋಗುತ್ತದೆ ಎಂಬುದು ಅವರ ವಾದ. ಹೊರಗಿನಿಂದ ಬಂದಿದ್ದ ನಮ್ಮಲ್ಲೂ ಕೆಲವರಿಗೆ ಅದು ಸರಿಯೆನಿಸಿತ್ತು. ದೇಸಿ ಜ್ಞಾನವನ್ನು ಗೌರವಿಸುವುದೆಂದರೆ ಹಿಂದೆ ಮಾಡಿದ್ದನ್ನು ಮತ್ತೆ ಮಾಡಲು ಬಿಡುವುದು ಎಂಬ ಎಣಿಕೆ.

ಬೇಡ ಎಂದದ್ದು ಬೆಂಕಿಯ ಪರವಾಗಿ ಇಷ್ಟು ವರ್ಷ ಮಾತಾಡಿದ್ದ ತಾತನೇ.

ಅವರ ವಿವರಣೆ ಹೀಗಿತ್ತು. ತರಗು ಬೆಂಕಿ ಹಾಕುತ್ತಿದ್ದದ್ದು ಚಳಿಗಾಲದ ಕೊನೆಗೆ, ಎಲೆ ಉದುರಿ ಇನ್ನೂ ಪೂರ್ತಿ ಗರಿಗರಿಯಾಗುವ ಮುಂಚೆ, ಇಬ್ಬನಿ ಬೀಳುವ ಕಾಲದಲ್ಲಿ. ಹುಲ್ಲು, ತರಗೆಲೆ ಮಾತ್ರ ಉರಿಯುತ್ತಿದ್ದವು. ಉರಿ ಮೊಣಕಾಲೆತ್ತರ ದಾಟುತ್ತಿರಲಿಲ್ಲ. ಎಳೆ ಲಂಟಾನ ಅದರಲ್ಲೇ ಸಾಯುತ್ತಿತ್ತು, ಕೆಳಕೊಂಬೆಯ ಉಪ್ಪಿಲು ಬಿಸಿಗೆ, ಹೊಗೆಗೆ ಬಾಡುತ್ತಿತ್ತು. ಈಗ ನೆಲದ ಮೇಲಿರುವುದು ತರಗಲ್ಲ, ಮರದ ನೆತ್ತಿಯವರೆಗೆ ಹಬ್ಬಿದ ಲಂಟಾನ. "ಈಗ ಬೆಂಕಿ ಹಾಕ್ಬುಟ್ರೆ ಅದು ನೆಲದಾಗೆ ಓಡಾಕಿಲ್ಲ ಮಗಾ, ಮರದ ತಲೆಗೇ ಹತ್ಕತದೆ" ಎಂದು ಯುವಕರಿಗೆ ಹೇಳಿದರು. ಹಾಗೆ ಬೆಂದ ಕಾಡಿನಲ್ಲಿ ನೆಲ್ಲಿ ಹೋಗುತ್ತದೆ, ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ ಎಂದೂ ಸೇರಿಸಿದರು. ಲಂಟಾನದ ಬಗ್ಗೆ ಸಂಶೋಧಕರು ಮಂಡಿಸಿರುವ ವಾದವೂ ಇದೇ: ಬಿಸಿ ಬೆಂಕಿ ಲಂಟಾನವನ್ನು ಕೊಲ್ಲುವ ಬದಲು ಅದಕ್ಕೆ ಜಾಗ ಮಾಡಿಕೊಡುತ್ತದೆ, ಬೆಳೆದ ಲಂಟಾನ ಮುಂದಿನ ಬೆಂಕಿಯನ್ನು ಇನ್ನಷ್ಟು ಬಿಸಿ ಮಾಡುತ್ತದೆ.

ಆ ಸಭೆಯಲ್ಲಿ ನಾನು ಕಂಡದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಡಿನ ಜ್ಞಾನ ಎಂದಾಗ ನಾವು ಹುಡುಕುವುದು ಪದ್ಧತಿಗಳನ್ನು: ಯಾವ ತಿಂಗಳು, ಯಾವ ಎಲೆ, ಎಷ್ಟು ಪ್ರಮಾಣ. ತಾತನ ಬಳಿ ಇದ್ದದ್ದು ಪದ್ಧತಿಗಿಂತ ಆಳದ್ದು. ಯಾವ ಸ್ಥಿತಿಯಲ್ಲಿ ಯಾವುದು ಕೆಲಸ ಮಾಡುತ್ತದೆ, ಆ ಸ್ಥಿತಿ ಹೋದಾಗ ಯಾವುದನ್ನು ಕೈಬಿಡಬೇಕು ಎಂಬ ತಿಳಿವು ಅದು. ತರಗು ಬೆಂಕಿಯನ್ನು ನಮೂನೆಯೊಂದರಲ್ಲಿ "ಸೋಲಿಗರ ಪಾರಂಪರಿಕ ಪದ್ಧತಿ" ಎಂದು ಬರೆದು ಮುಗಿಸಿದ್ದರೆ, ಇಪ್ಪತ್ತು ವರ್ಷದ ನಂತರ ಓದಿದವರು ಅದನ್ನು ತಪ್ಪು ಕಾಡಿಗೆ ಹಚ್ಚಿಬಿಡಬಹುದು.

ಏನು ಮಾಡಿದರು

ಸಭೆ ಮೂರು ಕೆಲಸ ಆರಿಸಿಕೊಂಡಿತು. ಪೋಡಿಗೆ ಹತ್ತಿರದ ಒಂದು ಇಳಿಜಾರಿನಲ್ಲಿ ಮೊದಲು ಲಂಟಾನ ತೆಗೆಯುವುದು. ನೆಲ್ಲಿ ಕೊಯ್ಲಿನ ಹೊತ್ತಿನಲ್ಲೇ ಉಪ್ಪಿಲು ಕತ್ತರಿಸುವುದು. ಬೆಂಕಿಯ ಮಾತನ್ನು ಲಂಟಾನ ಹೋಗುವವರೆಗೆ ಮುಂದೂಡುವುದು.

ಲಂಟಾನ ತೆಗೆಯುವುದರಲ್ಲಿ ಹೊರಗಿನ ಜ್ಞಾನವೂ ಕೂಡಿಕೊಂಡಿತು. ಮೇಲೆ ಮೇಲೆ ಕಡಿದರೆ ಅದು ಹತ್ತಾಗಿ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೂಪಿಸಿದ ವಿಧಾನದಲ್ಲಿ, ಚಿಗುರೊಡೆಯುವ ಬುಡದ ಗಂಟಿಗಿಂತ ಕೆಳಗೆ, ಮಣ್ಣಿನೊಳಗೆ ಒಂದೆರಡು ಅಂಗುಲದಲ್ಲಿ ಮುಖ್ಯ ಬೇರನ್ನು ಕತ್ತರಿಸಿ, ಕಿತ್ತ ಪೊದೆಯನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಾರೆ. ಮಣ್ಣು ಕಡಿಮೆ ಕದಡುವುದರಿಂದ ಮಣ್ಣಿನಲ್ಲಿ ಮಲಗಿದ ಬೀಜಗಳು ಹೆಚ್ಚು ಏಳುವುದಿಲ್ಲ. ಮಳೆಗಾಲದಲ್ಲಿ ನೆಲ ಮೆತ್ತಗಿರುವಾಗ ಮಾಡಿದರೆ ಕೆಲಸ ಹಗುರ. ಗುದ್ದಲಿ ಕೆಲಸದಲ್ಲಿ ಪಳಗಿದ ಹೆಂಗಸರು ಇದನ್ನು ಬೇಗ ಕರಗತ ಮಾಡಿಕೊಂಡರು. ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ಮಾತ್ರ ಪೋಡಿನವರೇ ನಿರ್ಧರಿಸಿದರು. ಹಕ್ಕಿ ಕೂರುವ ದೊಡ್ಡ ಮರಗಳ ಬುಡ ಮೊದಲು, ಏಕೆಂದರೆ ಲಂಟಾನದ ಬೀಜ ಮತ್ತೆ ಮತ್ತೆ ಬೀಳುವುದು ಅಲ್ಲೇ. ತೆಗೆದ ಬರಲನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಮಲೆಮಹದೇಶ್ವರ ಬೆಟ್ಟದ ಕಡೆಯ ಸೋಲಿಗರ ಉದಾಹರಣೆ ಕಣ್ಣ ಮುಂದಿತ್ತು. ಅಲ್ಲಿ ಲಂಟಾನದ ಕಡ್ಡಿ ಬೇಯಿಸಿ, ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿ ಮಾಡುತ್ತಾರೆ. ಇಲ್ಲಿ ಕೆಲವರು ಕಲಿತರು, ಹೆಚ್ಚು ಜನ ಮುಂದುವರಿಸಲಿಲ್ಲ. ಮಾರುವ ದಾರಿ ದೂರ.

ಉಪ್ಪಿಲಿನ ವಿಷಯದಲ್ಲಿ ಭಿನ್ನಮತ ಬಂತು. ಎಲ್ಲ ಮರದಿಂದಲೂ ಪೂರ್ತಿ ತೆಗೆಯಬೇಕು ಎಂದರು ಯುವಕರು. ಪೂಜೆ ಮಾಡುವ ತಮ್ಮಡಿಗಳೊಬ್ಬರು ಒಪ್ಪಲಿಲ್ಲ. ಉಪ್ಪಿಲಿನ ಹೂವಿಗೆ ಸೂರಕ್ಕಿ ಬರುತ್ತದೆ, ಹಣ್ಣಿಗೆ ಬದನಿಕೆ ಹಕ್ಕಿ ಬರುತ್ತದೆ, ಅವಕ್ಕೂ ಪಾಲು ಬೇಕು. ದೇವರ ಜಾಗದ ಮರಗಳನ್ನಂತೂ ಮಚ್ಚಿನಿಂದ ಮುಟ್ಟುವಂತಿಲ್ಲ. ಬಹಳ ಹೊತ್ತಿನ ಮಾತಿನ ನಂತರ ಆದ ತೀರ್ಮಾನ: ಹೆಚ್ಚು ಹತ್ತಿದ, ಆದರೆ ಇನ್ನೂ ಉಳಿಯಬಲ್ಲ ಮರಗಳಿಗೆ ಮೊದಲ ಗಮನ; ಎಲ್ಲೆಯೊಳಗಿನ ದೇವರ ಜಾಗಗಳನ್ನು ಪೂರ್ತಿ ಬಿಡುವುದು. ಮರಗಳಿಗೆ ಅಲ್ಯೂಮಿನಿಯಂ ಬಿಲ್ಲೆ ಹೊಡೆದು ಎಣಿಸೋಣ ಎಂಬ ಸಲಹೆಗೂ ಇದೇ ಗೆರೆ ಅನ್ವಯಿಸಿತು. ದೇವರ ಜಾಗದ ಮರಗಳಿಗೆ ಬಿಲ್ಲೆ ಇಲ್ಲ. ಇದರಿಂದ ಲೆಕ್ಕದಲ್ಲಿ ರಂಧ್ರ ಉಳಿಯುತ್ತದೆ ಎಂದು ನಮ್ಮ ತಂಡದಲ್ಲಿ ಒಬ್ಬರು ಬೇಸರಪಟ್ಟರು. ನನಗೆ ಹಾಗನ್ನಿಸಲಿಲ್ಲ. ಕತ್ತರಿಸಿದ ಮರಗಳ ಜೊತೆ ಹೋಲಿಸಲು ಮುಟ್ಟದ ಮರಗಳು ಬೇಕೇ ಬೇಕು. ಆ ಜನ ತಮ್ಮದೇ ಕಾರಣಕ್ಕೆ ಅವನ್ನು ಕಾಯ್ದಿಟ್ಟರು.

ಕೊಯ್ಲಿಗೂ ನಿಯಮ ಬಂತು. ಕಾಯಿ ಬಲಿಯುವ ಮೊದಲು ಯಾರೂ ಹೋಗಬಾರದು, ಎಲ್ಲರೂ ಒಂದೇ ದಿನ ಶುರು ಮಾಡಬೇಕು, ಮರದ ನೆತ್ತಿಯ ಕಾಯಿ ಬಿಡಬೇಕು, ನೆಲಕ್ಕೆ ಬಿದ್ದದ್ದರಲ್ಲಿ ಜಿಂಕೆಗೆ ಒಂದಿಷ್ಟು ಬಿಡಬೇಕು. ಹೊಸದೇನಲ್ಲ, ಹಳೆಯ ನಡೆ. ಈಗ ಅದು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಸಹಿಯೊಂದಿಗೆ ಕೂತಿತು. ಆತುರದ ಕೊಯ್ಲು ನಿಂತದ್ದಕ್ಕೆ ಮುಖ್ಯ ಕಾರಣ "ಒಂದೇ ದಿನ ಶುರು" ಎಂಬ ಈ ಒಂದು ಸಾಲು ಎಂದು ನನ್ನ ಅಂದಾಜು.

ಬರೆಯುವುದೇನು, ಬರೆಯದಿರುವುದೇನು

ಇದರ ನಡುವೆಯೇ ದಾಖಲಾತಿಯ ಪ್ರಶ್ನೆ ಎದ್ದಿತು. ಜೈವಿಕ ವೈವಿಧ್ಯ ಕಾಯ್ದೆ, 2002ರ ಅಡಿಯಲ್ಲಿ ಪ್ರತಿ ಪಂಚಾಯಿತಿಯೂ ಜನತಾ ಜೀವವೈವಿಧ್ಯ ದಾಖಲಾತಿ ಬರೆಸಬೇಕು. ಅರಣ್ಯ ಹಕ್ಕು ಕಾಯ್ದೆಯ 3(1)(ಕೆ) ಕಲಮು ಇನ್ನೂ ಮುಂದೆ ಹೋಗಿ, ಜೀವವೈವಿಧ್ಯ ಮತ್ತು ಸಾಂಸ್ಕೃತಿಕ ವೈವಿಧ್ಯಕ್ಕೆ ಸೇರಿದ ಪಾರಂಪರಿಕ ಜ್ಞಾನದ ಮೇಲೆ ಸಮುದಾಯಕ್ಕೇ ಹಕ್ಕು ಕೊಡುತ್ತದೆ. ಗಿಡ, ಜ್ಞಾನ, ಸಂಸ್ಕೃತಿ ಮೂರನ್ನೂ ಒಂದೇ ಸಾಲಿನಲ್ಲಿ ಹಿಡಿದ ಕಲಮು ಅದು. ಅದರ ಬಗ್ಗೆ ಮಾತಾಡುವವರು ಕಡಿಮೆ ಎಂಬುದು ನನಗೆ ನೋವಿನ ಸಂಗತಿ.

ಯಜಮಾನರು ಕೇಳಿದ್ದು ನೇರವಾದ ಪ್ರಶ್ನೆ: ಬರೆದು ಕೊಟ್ಟ ಮೇಲೆ ಅದು ಯಾರದು? ಉತ್ತರವಾಗಿ ಕೇರಳದ ಕಾಣಿ ಜನರ ಕಥೆಯನ್ನು ಸಭೆಗೆ ಹೇಳಿದೆವು. 1987ರಲ್ಲಿ ಅಗಸ್ತ್ಯಕೂಟದ ಕಾಡಿನಲ್ಲಿ ಸಂಶೋಧಕರಿಗೆ ದಾರಿ ತೋರಿಸುತ್ತಿದ್ದ ಕಾಣಿಗಳು ದಣಿವಾಗದಿರಲೆಂದು ಒಂದು ಗಿಡದ ಹಣ್ಣು ತಿನ್ನುತ್ತಿದ್ದರು. ಅದೇ ಆರೋಗ್ಯಪಚ್ಚ. ಅದರಿಂದ ತಿರುವನಂತಪುರದ ಸಸ್ಯೋದ್ಯಾನ ಸಂಸ್ಥೆ "ಜೀವನಿ" ಎಂಬ ಔಷಧಿ ರೂಪಿಸಿ, 1990ರ ದಶಕದ ಮಧ್ಯದಲ್ಲಿ 10 ಲಕ್ಷ ರೂಪಾಯಿ ಮತ್ತು ಮಾರಾಟದ ಶೇ. 2 ರಾಯಧನಕ್ಕೆ ಒಂದು ಔಷಧ ಕಂಪನಿಗೆ ಕೊಟ್ಟಿತು. ಅದರಲ್ಲಿ ಅರ್ಧ ಕಾಣಿಗಳಿಗೆ ಎಂದು ಒಪ್ಪಂದ. ಹಣ ಪಡೆಯಲು 1997ರಲ್ಲಿ ಕಾಣಿಗಳ ಟ್ರಸ್ಟ್ ಆಯಿತು. ಜಗತ್ತಿನಲ್ಲೇ ಮೊದಲ ಸಾಲಿನ ಲಾಭ ಹಂಚಿಕೆ ಎಂದು ಅದಕ್ಕೆ ಹೆಸರು ಬಂತು. ಆದರೆ ಎಲ್ಲ ಕಾಣಿಗಳನ್ನೂ ಕೇಳಿ ಒಪ್ಪಂದ ಮಾಡಿಕೊಂಡಿರಲಿಲ್ಲ, ಮದ್ದಿನ ಅರಿವನ್ನು ಕಾಯುವ ಅವರ ಪ್ಲಾತಿಗಳಲ್ಲಿ ಕೆಲವರು ವಿರೋಧಿಸಿದರು, ಕಾಡಿನಿಂದ ಗಿಡ ತರುವುದಕ್ಕೂ ತಡೆ ಬಂತು.

ಕಥೆ ಕೇಳಿದ ಮೇಲೆ ಸಭೆ ತನ್ನ ಜ್ಞಾನವನ್ನು ಮೂರು ಪಾಲು ಮಾಡಿತು. ನೆಲ್ಲಿ, ಉಪ್ಪಿಲು, ಲಂಟಾನ, ತರಗು ಬೆಂಕಿ, ಕಾಡುಗೆಣಸು ಅಗೆಯುವಾಗ ಬಳ್ಳಿಯ ತಲೆಯನ್ನು ಮತ್ತೆ ಮಣ್ಣಿಗೆ ಕೊಡುವುದು, ಇವೆಲ್ಲ ಎಲ್ಲರಿಗೂ ತಿಳಿಯಲಿ ಎಂದು ಬರೆಸಿದ್ದು. ದೇವರ ಜಾಗಗಳ ವಿವರ ಗ್ರಾಮಸಭೆಯ ಪ್ರತಿಯಲ್ಲಿ ಮಾತ್ರ. ಮದ್ದಿನ ಗಿಡಗಳ ಅರಿವು ಆಯಾ ಮನೆತನದವರ ಬಳಿಯೇ. ಅದನ್ನು ಬರೆಯುವುದೇ ಇಲ್ಲ, ಮಕ್ಕಳಿಗೆ ಕಲಿಸುವುದು. 2023ರಲ್ಲಿ ಜೈವಿಕ ವೈವಿಧ್ಯ ಕಾಯ್ದೆಗೆ ಬಂದ ತಿದ್ದುಪಡಿಯ ಪ್ರಕಾರ, ಗ್ರಂಥಸ್ಥ ಪಾರಂಪರಿಕ ಜ್ಞಾನ ಬಳಸುವವರಿಗೆ, ಆಯುಷ್ ವೈದ್ಯರಿಗೆ ಲಾಭ ಹಂಚಿಕೆಯಿಂದ ವಿನಾಯಿತಿ ಇದೆ. ಅದನ್ನು ಓದಿದಾಗ ಸೋಲಿಗರ ಆ ಮೂರನೇ ಪಾಲಿನ ನಿರ್ಧಾರ ನನಗೆ ಇನ್ನಷ್ಟು ಸರಿಯೆನಿಸಿತು.

ಆದದ್ದು

ಕೊಂಬೆಗಳಿಗೆ ಮಾತ್ರ ಉಪ್ಪಿಲು ಹತ್ತಿದ್ದ ಮರಗಳು ಚೇತರಿಸಿಕೊಂಡವು. ಕತ್ತರಿಸಿದ ವರ್ಷ ಕಾಯಿ ಕಡಿಮೆ, ಆಮೇಲೆ ಹೊಸ ಚಿಗುರಿನಲ್ಲಿ ಬಂತು. ಕಾಂಡಕ್ಕೆ ಹತ್ತಿದ್ದ ಮರಗಳಲ್ಲಿ ಹಲವು ಸತ್ತವು, ಹಿರಿಯರು ಹೇಳಿದಂತೆಯೇ. ಅಲ್ಲೊಂದು ಇಲ್ಲೊಂದು ಮರಕ್ಕೆ ಮಾಡಿದ ಕಡೆ ಕೆಲಸ ವ್ಯರ್ಥವಾಯಿತು: ಪಕ್ಕದ ಮರದಿಂದ ಹಕ್ಕಿ ಬೀಜ ತಂದೇ ತರುತ್ತದೆ. ಒಂದು ಇಳಿಜಾರನ್ನು ಪೂರ್ತಿ ಹಿಡಿದು ಮಾಡಿದಲ್ಲಿ ಫಲ ಕಂಡಿತು.

ಲಂಟಾನ ತೆಗೆದ ಜಾಗದಲ್ಲಿ ಮೊದಲ ಮಳೆಗೇ ಎದ್ದದ್ದು ಮತ್ತೆ ಲಂಟಾನದ ಸಸಿ. ಕೈಯಿಂದ ಕೀಳುವ ಕೆಲಸವನ್ನು ಬಿಡದೆ ಮುಂದುವರಿಸಿದ ಕಡೆ ಹುಲ್ಲು ಬಂತು, ಕಾಡುಗೆಣಸಿನ ಬಳ್ಳಿ ಬಂತು. ಬಳ್ಳಿಯನ್ನು ಮೊದಲು ಗುರುತಿಸಿದ್ದು "ಅಲ್ಲಿಗೆ ನಡೀರಿ" ಎಂದಿದ್ದ ಆ ತಾಯಿಯೇ. ಲಂಟಾನದ ಪೊದೆಗೆ ಹೆದರಿ ಎಷ್ಟೋ ವರ್ಷ ಆ ಕಡೆ ಹೆಜ್ಜೆ ಇಡದಿದ್ದ ಹೆಂಗಸರು ಮಕ್ಕಳನ್ನು ಕರೆದುಕೊಂಡು ಹೋಗತೊಡಗಿದರು. ಪೊದೆಯೊಳಗೆ ಆನೆ, ಕರಡಿ ನಿಂತರೂ ಕಾಣುತ್ತಿರಲಿಲ್ಲ, ಈಗ ದೂರದಿಂದಲೇ ಕಾಣುತ್ತದೆ. ಮಕ್ಕಳು ಗೆಣಸು ಅಗೆಯುವುದನ್ನು ಕಲಿತದ್ದು ಹೀಗೆ, ಯಾವ ಕಾರ್ಯಕ್ರಮದಿಂದಲೂ ಅಲ್ಲ.

ತೊಡಕುಗಳೂ ಇದ್ದವು. ಹಕ್ಕುಪತ್ರ ಕೈಯಲ್ಲಿದ್ದರೂ ಕಾಯಿ ಸಾಗಿಸುವಾಗ ಚೆಕ್‌ಪೋಸ್ಟಿನಲ್ಲಿ ತಡೆದದ್ದುಂಟು. ಗ್ರಾಮಸಭೆಯ ಪರವಾನಗಿಯನ್ನು ಒಪ್ಪಿಸಲು ಕಾಯ್ದೆಯ ಪ್ರತಿ ಹಿಡಿದು ನಿಲ್ಲಬೇಕಾಯಿತು. ಕಾಫಿ ತೋಟದ ಕೂಲಿ ಹೆಚ್ಚು ಸಿಗುವ ವರ್ಷ ಲಂಟಾನ ಕೀಳಲು ಜನ ಬರಲಿಲ್ಲ, ಬರದಿದ್ದವರನ್ನು ದೂರುವಂತಿಲ್ಲ. ಕಾಡಿನ ಆರೈಕೆಯ ಕೂಲಿಯನ್ನು ಯಾರು ಕೊಡಬೇಕು ಎಂಬ ಪ್ರಶ್ನೆಗೆ ಈ ಪ್ರಕರಣದಲ್ಲಿ ಉತ್ತರ ಸಿಗಲಿಲ್ಲ.

ಇದೇ ಕೆಲಸಕ್ಕೆ ಹೊರಡುವವರಿಗೆ

ಜ್ಞಾನವನ್ನು ಬಳಕೆಯಿಂದ ಬಿಡಿಸಿ ಉಳಿಸಲು ಆಗದು ಎಂಬುದನ್ನು ನಾನು ಇಲ್ಲಿ ಕಣ್ಣಾರೆ ಕಂಡೆ. ಕೊಯ್ಲಿಲ್ಲದ ಆ ವರ್ಷಗಳಲ್ಲಿ ಬೆಳೆದ ಹುಡುಗರಿಗೆ ಉಪ್ಪಿಲು ಗೊತ್ತಿತ್ತು, ಎಲ್ಲಿ ಕತ್ತರಿಸಬೇಕು ಎಂಬುದು ಗೊತ್ತಿರಲಿಲ್ಲ. ಮರ ಹತ್ತದೆ ಅದು ಬರುವುದಿಲ್ಲ. ಯಾವುದೇ ಬಳಕೆಯನ್ನು ನಿಲ್ಲಿಸುವ ಮೊದಲು, ಆ ಬಳಕೆಯ ಜೊತೆಗೆ ನಡೆಯುತ್ತಿರುವ ಬೇರೆ ಕೆಲಸಗಳೇನು ಎಂದು ಕೇಳಲೇಬೇಕು. ಇದನ್ನು ಗಂಡಸರನ್ನಷ್ಟೇ ಕೇಳಿದರೆ ಸಾಲದು: ಮರ ಹತ್ತುವವನು ಕೊಂಬೆ ನೋಡುತ್ತಾನೆ, ಕಾಯಿ ಆಯುವವಳು ನೆಲ ನೋಡುತ್ತಾಳೆ. ಸಸಿ ಹುಟ್ಟುತ್ತಿಲ್ಲ ಎಂಬುದನ್ನು ಪೋಡಿನ ಹೆಂಗಸರು ಗಂಡಸರಿಗಿಂತ ಮೊದಲೇ ಗಮನಿಸಿದ್ದರು.

ಸಮುದಾಯ "ಬೇಡ" ಎಂದದ್ದನ್ನೂ ದಾಖಲಿಸಿ. ಬೆಂಕಿ ಬೇಡ, ಈ ಮರ ಬೇಡ, ಇದನ್ನು ಬರೆಯುವುದು ಬೇಡ ಎಂಬ ಮೂರು ತೀರ್ಮಾನಗಳು ಈ ಪ್ರಕರಣದಲ್ಲಿ ಮಾಡಿದ ಕೆಲಸಗಳಷ್ಟೇ ಮುಖ್ಯ. ಯೋಜನೆಯ ವರದಿಗಳಲ್ಲಿ ಇಂಥವಕ್ಕೆ ಅಂಕಣವೇ ಇರುವುದಿಲ್ಲ.

ಈಗ ಆ ಇಳಿಜಾರಿನ ಒಂದು ಭಾಗದಲ್ಲಿ ನೆಲದ ಮೇಲೆ ಹುಲ್ಲು ಮತ್ತು ತರಗು ಮಾತ್ರ ಇದೆ. ಮುಂದೂಡಿದ್ದ ಬೆಂಕಿಯ ಮಾತು ಮತ್ತೆ ಸಭೆಗೆ ಬಂದಿದೆ. ಒಂದು ಸಣ್ಣ ತುಣುಕಿನಲ್ಲಿ, ಸುತ್ತ ಬೆಂಕಿರೇಖೆ ಮಾಡಿ, ಇಲಾಖೆಯ ಸಿಬ್ಬಂದಿಯ ಎದುರಿಗೇ ತರಗು ಬೆಂಕಿ ಹಾಕಿ, ಉಪ್ಪಿಲಿಗೆ, ಸಸಿಗಳಿಗೆ ಏನಾಗುತ್ತದೆ ನೋಡೋಣ ಎಂಬ ಅರ್ಜಿಯನ್ನು ಗ್ರಾಮಸಭೆ ಬರೆದಿದೆ. ಅರ್ಜಿಯ ಕರಡಿಗೆ ತಾತ ಒಂದು ಸಾಲು ಸೇರಿಸಲು ಹೇಳಿದರು: ಯಾವ ದಿನ ಹಚ್ಚಬೇಕು ಎಂಬುದನ್ನು ಕಾಗದದಲ್ಲಿ ಮೊದಲೇ ಬರೆಯಬಾರದು, ಆ ಬೆಳಗಿನ ಇಬ್ಬನಿ ನೋಡಿ ಪೋಡಿನವರು ಹೇಳಬೇಕು. ಅನುಮತಿ ಇನ್ನೂ ಬಂದಿಲ್ಲ.